ದಾವಣಗೆರೆ ಬಯಲಿನಲ್ಲಿದ್ದುಕೊಂಡು ಚಾರ್ಮಾಡಿ–ಆಗುಂಬೆ 4 ದಿನದ ಸೈಕಲ್ ಯಾತ್ರೆಗೆ ತಯಾರಿ ಹೇಗೆ?

ಬಯಲುಸೀಮೆ_ಪೆಡಲ್

ಎಲ್ಲರಿಗೂ ನಮಸ್ಕಾರ. ಮಕ್ಕಳ ಡಯಾಲಿಸಿಸ್ ಖರ್ಚಿಗೆ ಹಣ ಕೂಡಿಸಲು ಒಂದು ಟ್ರಸ್ಟ್ ಜನವರಿಯಲ್ಲಿ 4 ದಿನದ ಸೈಕಲ್ ಯಾತ್ರೆ ಇಟ್ಟುಕೊಂಡಿದೆ. ಹೆಸರು ಕೊಟ್ಟಿದ್ದೇನೆ. ಇನ್ನು 12 ವಾರ ಇದೆ. ದಾರಿ ಹೀಗಿದೆ:

1ನೇ ದಿನ ಮಂಗಳೂರು – ಬಿ.ಸಿ.ರೋಡ್ – ಬೆಳ್ತಂಗಡಿ – ಉಜಿರೆ, ಹತ್ತಿರ ಹತ್ತಿರ 70 ಕಿ.ಮೀ.
2ನೇ ದಿನ ಉಜಿರೆ – ಚಾರ್ಮಾಡಿ ಘಾಟಿ – ಕೊಟ್ಟಿಗೆಹಾರ – ಮೂಡಿಗೆರೆ – ಚಿಕ್ಕಮಗಳೂರು, ಸುಮಾರು 85.
3ನೇ ದಿನ ಚಿಕ್ಕಮಗಳೂರು – ಆಲ್ದೂರು – ಬಾಳೆಹೊನ್ನೂರು – ಜಯಪುರ – ಶೃಂಗೇರಿ, ಸುಮಾರು 90.
4ನೇ ದಿನ ಶೃಂಗೇರಿ – ಆಗುಂಬೆ – ಹೆಬ್ರಿ – ಉಡುಪಿ, 80ರ ಆಸುಪಾಸು.

ವಯಸ್ಸು 41, ತೂಕ 78 ಕೆ.ಜಿ. ಅಲ್ಯೂಮಿನಿಯಂ ರೋಡ್ ಬೈಕ್, 8 ಸ್ಪೀಡ್ (ಹಿಂದೆ 8 ಗೇರ್) ಶಿಮಾನೋ ಕ್ಲಾರಿಸ್, ಚೈನಿನ ಹಲ್ಲುಚಕ್ರಗಳು ಮುಂದೆ 50/34 ಹಲ್ಲು, ಹಿಂದೆ 11-28 ಹಲ್ಲು, ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕ್, 25 ಎಂಎಂ ಟೈರು. ಸದ್ಯ ವಾರಕ್ಕೆ 3 ದಿನ 25–30 ಕಿ.ಮೀ. ಓಡಿಸುತ್ತೇನೆ. ಒಂದೇ ಸಲಕ್ಕೆ ಅತಿ ಹೆಚ್ಚೆಂದರೆ 60. ಕೆಲಸದ ದಿನಗಳಲ್ಲಿ ಬೆಳಗ್ಗೆ ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ.

ನಮ್ಮೂರಿನ ಸುತ್ತ ಏರು ಅಂದರೆ ರೈಲ್ವೆ ಮೇಲ್ಸೇತುವೆ ಅಷ್ಟೇ. ಇಲ್ಲಿದ್ದುಕೊಂಡು ಚಾರ್ಮಾಡಿ ಹತ್ತುವ ಕಾಲು ಬರುತ್ತದೆಯೇ? ಗೇರ್ ಬದಲಿಸಬೇಕೇ? ಆಗುಂಬೆ ಇಳಿಯುವಾಗ ರಿಮ್ ಬ್ರೇಕ್ ಸಾಲುತ್ತದೆಯೇ? ಊಟ-ನೀರಿನ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಚಾಮುಂಡಿ_1008

ಸರ್, ಮೊದಲು ಒಂದು ಮಾತು. ಎಲ್ಲರೂ ಚಾರ್ಮಾಡಿಗೆ ಹೆದರಿ ಅದಕ್ಕಷ್ಟೇ ತಯಾರಾಗುತ್ತಾರೆ. ಜನ ಸೋಲುವುದು 3ನೇ ದಿನ, ಆಲ್ದೂರು–ಬಾಳೆಹೊನ್ನೂರು ನಡುವೆ. ಘಾಟಿ ಏರು ಒಂದೇ ಹದದಲ್ಲಿ ಹೋಗುತ್ತದೆ. ಸಣ್ಣ ಗೇರ್ ಹಾಕಿ, ಉಸಿರು ನೋಡಿಕೊಂಡು ಕೂತರೆ ತಲುಪುತ್ತೀರಿ. ಮಲೆನಾಡಿನ ತೋಟದ ರಸ್ತೆ ಹಾಗಲ್ಲ. 400 ಮೀಟರ್ ಏರು, 300 ಮೀಟರ್ ಇಳಿಜಾರು, ತಿರುವು, ಮತ್ತೆ ಏರು. ಪ್ರತಿ ಸಣ್ಣ ಏರಿನಲ್ಲೂ ಎದ್ದು ನಿಂತು ತುಳಿಯುವ ಆಸೆ ಬರುತ್ತದೆ. ಹಿಂದಿನ ದಿನ ಘಾಟಿ ಹತ್ತಿ ಬರಿದಾದ ಕಾಲಿಗೆ ಅಂಥ ಏರುಗಳು ದಿನವಿಡೀ ಎದುರಾಗುತ್ತವೆ. ಹಾಗಾಗಿ ನಿಮ್ಮ ತಯಾರಿಯ ಗುರಿ 'ಒಂದು ದೊಡ್ಡ ಏರು' ಆಗಬಾರದು, 'ದಣಿದ ಕಾಲಲ್ಲಿ ಮಾರನೇ ಬೆಳಗ್ಗೆ ಮತ್ತೆ ಸೈಕಲ್ ಹತ್ತುವುದು' ಆಗಬೇಕು. ಅದಕ್ಕೆ ಗುಡ್ಡ ಬೇಕಿಲ್ಲ, ದಾವಣಗೆರೆಯಲ್ಲೇ ಆಗುತ್ತದೆ.

12 ವಾರವನ್ನು ಹೀಗೆ ಹಂಚಿಕೊಳ್ಳಿ.

ಮೊದಲ 3 ವಾರ ವಾರಕ್ಕೆ 5ರಿಂದ 6 ಗಂಟೆ ಸಾಕು. ಮಂಗಳವಾರ, ಗುರುವಾರ ಒಂದೊಂದು ಗಂಟೆ, ಶನಿವಾರ ಎರಡು ಎರಡೂವರೆ ಗಂಟೆ, ಭಾನುವಾರ ಒಂದು ಒಂದೂವರೆ. ವೇಗ ಎಷ್ಟಿರಬೇಕೆಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಂತಿರಬೇಕು. 4ನೇ ವಾರ ಒಟ್ಟು ಹೊತ್ತನ್ನು 40 ಪರ್ಸೆಂಟ್ ಇಳಿಸಿ. ಈ ಇಳಿಸುವ ವಾರವನ್ನು ಯಾರೂ ಪಾಲಿಸುವುದಿಲ್ಲ, ಆಮೇಲೆ 7ನೇ ವಾರಕ್ಕೆ ಮಂಡಿ ಹಿಡಿಯುತ್ತದೆ.

5ರಿಂದ 7ನೇ ವಾರ ಮಂಗಳವಾರದ ಸವಾರಿಗೆ ಬಿಗಿ ತನ್ನಿ. 10 ನಿಮಿಷ ಮೈ ಬಿಸಿ ಮಾಡಿಕೊಂಡು, 12 ನಿಮಿಷ ಗಟ್ಟಿಯಾಗಿ, 4 ನಿಮಿಷ ಹಗುರ, ಹೀಗೆ ಮೂರು ಸಲ. ಗಟ್ಟಿ ಅಂದರೆ ನಾಲ್ಕೈದು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುವಷ್ಟು, ಏದುಸಿರು ಬರುವಷ್ಟಲ್ಲ. ಶನಿವಾರ ಮೂರೂವರೆ ಗಂಟೆ, ಭಾನುವಾರ ಎರಡೂವರೆ. 8ನೇ ವಾರ ಮತ್ತೆ ಇಳಿಸಿ.

9 ಮತ್ತು 10ನೇ ವಾರವೇ ಜೀವಾಳ. ಶನಿವಾರ ಐದು ಗಂಟೆ, ಭಾನುವಾರ ಮೂರೂವರೆ–ನಾಲ್ಕು ಗಂಟೆ. ಈ ಎರಡರಲ್ಲಿ ಒಂದು ವಾರ ಶುಕ್ರವಾರ ರಜೆ ಹಾಕಿ ಮೂರು ದಿನ ಸತತವಾಗಿ ಓಡಿಸಿ: 3, 5, 4 ಗಂಟೆ. ಭಾನುವಾರ ಬೆಳಗ್ಗೆ ಮೊದಲ 40 ನಿಮಿಷ ಕಾಲು ಮರದ ಕೊರಡಿನ ಹಾಗಿರುತ್ತದೆ, ಆಮೇಲೆ ಸಡಿಲವಾಗುತ್ತದೆ. ಈ ಅನುಭವ ದೇಹಕ್ಕೆ ಮೊದಲೇ ಆಗಿರಬೇಕು. ಇಲ್ಲವಾದರೆ ಆಲ್ದೂರಿನ ಹತ್ತಿರ ಅದೇ ಅನುಭವವಾದಾಗ 'ನನ್ನ ಕಥೆ ಮುಗಿಯಿತು' ಅಂದುಕೊಂಡು ವ್ಯಾನ್ ಹತ್ತುತ್ತೀರಿ.

11ನೇ ವಾರ ಅರ್ಧಕ್ಕೆ ಇಳಿಸಿ, ಆದರೆ ಮಂಗಳವಾರದ ಗಟ್ಟಿ ಸವಾರಿ ಪೂರಾ ಬಿಡಬೇಡಿ, 12 ನಿಮಿಷದ್ದು ಎರಡು ಸಲ ಇರಲಿ. 12ನೇ ವಾರ ಹೊರಡುವ ಮುಂಚೆ 40–45 ನಿಮಿಷದ ಹಗುರ ಸವಾರಿ ಎರಡು, ಅಷ್ಟೇ. ಕೊನೆಯ ವಾರದಲ್ಲಿ ಓಡಿಸಿ ಗಳಿಸುವಂಥದ್ದು ಏನೂ ಇಲ್ಲ.

ಇನ್ನು ಏರಿಲ್ಲದ ಊರಿನ ವಿಚಾರ. ಏರಿಗೂ ಬಯಲಿಗೂ ಇರುವ ದೊಡ್ಡ ವ್ಯತ್ಯಾಸ ಏರಿನಲ್ಲಿ ಪೆಡಲ್ ನಿಲ್ಲಿಸಲಾಗದು ಎಂಬುದು. ಬಯಲಲ್ಲಿ ಎರಡು ಗಂಟೆ ಓಡಿಸಿದವರು ಗಮನಿಸಿ ನೋಡಲಿ. ಹಂಪು, ತಿರುವು, ಎದುರಿಗೆ ಬಂದ ಎಮ್ಮೆ ಅಂತ ಕಾಲು ಸುಮ್ಮನೆ ಇದ್ದ ಹೊತ್ತು ಕೂಡಿಸಿದರೆ 15–20 ನಿಮಿಷ ಸುಲಭವಾಗಿ ದಾಟುತ್ತದೆ. ಘಾಟಿಯಲ್ಲಿ ಆ ಬಿಡುವು ಒಂದು ಕ್ಷಣವೂ ಇಲ್ಲ. ಅದಕ್ಕೇ ನಿಮ್ಮ ಗಟ್ಟಿ ಸವಾರಿಯ 12 ನಿಮಿಷದಲ್ಲಿ ಪೆಡಲ್ ಒಮ್ಮೆಯೂ ನಿಲ್ಲಬಾರದು ಎಂಬ ನೇಮ ಇಟ್ಟುಕೊಳ್ಳಿ. ಹೆದ್ದಾರಿಯ ಸರ್ವಿಸ್ ರಸ್ತೆ ಬೇಡ, ಅಲ್ಲಿ ಅಡ್ಡ ಬರುವವರು ಹೆಚ್ಚು. ಹಿಂಗಾರಿನ ಹೊತ್ತಿನಲ್ಲಿ ನಿಮ್ಮ ಕಡೆ ಗಾಳಿ ಸಾಮಾನ್ಯವಾಗಿ ಮೂಡಣದಿಂದ ಬೀಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಬರುವಂತೆ ದಾರಿ ಆರಿಸಿಕೊಳ್ಳಿ. ಎದುರುಗಾಳಿಯಲ್ಲಿ ಕೈಯನ್ನು ಹ್ಯಾಂಡಲ್‌ನ ಮೇಲ್ಭಾಗದಲ್ಲಿಟ್ಟು ನೆಟ್ಟಗೆ ಕೂತು ತುಳಿದರೆ ಎದೆಗೆ ಗಾಳಿ ಹೆಚ್ಚು ತಾಗುತ್ತದೆ, ಏರಿನಲ್ಲಿ ಕೂರುವ ಭಂಗಿಯೂ ಅದೇ.

ಗುರುವಾರ ಬಲ ತುಳಿತ. ಒಂದೆರಡು ಗೇರ್ ಭಾರ ಮಾಡಿಕೊಂಡು ನಿಮಿಷಕ್ಕೆ 55–60 ಸುತ್ತು, ಕೂತೇ ತುಳಿಯಬೇಕು, 6 ನಿಮಿಷ, ನಡುವೆ 4 ನಿಮಿಷ ಬಿಡುವು, ನಾಲ್ಕು ಸಲ. ಮೇಲ್ಸೇತುವೆ ಸಿಕ್ಕರೆ ಅದೂ ಆಗುತ್ತದೆ, ಆದರೆ 40 ಸೆಕೆಂಡಿಗೆ ಮುಗಿಯುವ ಏರನ್ನು ಇಪ್ಪತ್ತು ಸಲ ಹತ್ತಿದರೆ ಅದು ಘಾಟಿ ಅಭ್ಯಾಸ ಆಗುವುದಿಲ್ಲ, 3ನೇ ದಿನದ ಅಭ್ಯಾಸ ಆಗುತ್ತದೆ. ಎರಡೂ ಬೇಕು.

ತಿಂಗಳಿಗೊಮ್ಮೆಯಾದರೂ ನಿಜವಾದ ಏರು ಹುಡುಕಿ. ನಿಮಗೆ ಹತ್ತಿರ ಚಿತ್ರದುರ್ಗದ ಜೋಗಿಮಟ್ಟಿ. ಅರಣ್ಯ ಇಲಾಖೆಯ ಗೇಟು ತೆರೆಯುವ ಹೊತ್ತು, ಸೈಕಲ್ ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಂಡು ಹೋಗಿ. ಮೈಸೂರಿಗೆ ಬಂದರೆ ಚಾಮುಂಡಿಬೆಟ್ಟ ಇದ್ದೇ ಇದೆ, ಬೆಂಗಳೂರಿಗೆ ಹೋದರೆ ನಂದಿಬೆಟ್ಟ. ನಂದಿಯ ಏರು 7–8 ಕಿ.ಮೀ. ಇರುವುದರಿಂದ ಚಾರ್ಮಾಡಿಗೆ ಹತ್ತಿರದ ಹದ ಸಿಗುತ್ತದೆ. ಎರಡು ಸಲ ಹತ್ತಿ. ಮೊದಲ ಸಲಕ್ಕಿಂತ ಎರಡನೇ ಸಲ ಹೆಚ್ಚು ಹೊತ್ತು ಹಿಡಿದರೆ ನೀವು ಮೊದಲ ಸಲ ಅತಿ ಮಾಡಿದ್ದೀರಿ ಅಂತ ಅರ್ಥ.

ಸ್ಪ್ಯಾನರ್_ಮೇಷ್ಟ್ರು

ಗೇರ್ ಬದಲಿಸಲೇಬೇಕು. ಲೆಕ್ಕ ಹಾಕಿ ತೋರಿಸುತ್ತೇನೆ.

ನೀವು, ಸೈಕಲ್, ಎರಡು ಬಾಟಲಿ, ಸಾಮಾನು ಸೇರಿ 93 ಕೆ.ಜಿ. ಅಂತಿಟ್ಟುಕೊಳ್ಳಿ. ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಮುಂದೆ 34, ಹಿಂದೆ 28 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.2 ಕಿ.ಮೀ. 8 ಪರ್ಸೆಂಟ್ ಏರಿನಲ್ಲಿ ಆ ವೇಗ ಹಿಡಿಯಲು ಸುಮಾರು 200 ವಾಟ್ ಬೇಕು. ಹಿಂದೆ 34 ಹಲ್ಲಿನದು ಇದ್ದರೆ ಅದೇ 60 ಸುತ್ತಿಗೆ ವೇಗ 7.6, ಬೇಕಾಗುವುದು 165 ವಾಟ್. ವಾರಕ್ಕೆ 80–90 ಕಿ.ಮೀ. ಓಡಿಸುವ 41ರ ಕಾಲು 200 ವಾಟನ್ನು 10 ನಿಮಿಷ ಕೊಟ್ಟೀತು. 165ನ್ನು ಅಭ್ಯಾಸ ಮಾಡಿದರೆ ಒಂದು ಗಂಟೆ ಕೊಡಬಹುದು. ಮಾರನೇ ದಿನಕ್ಕೆ ಕಾಲು ಉಳಿಯುವುದೂ ಅದರಿಂದಲೇ.

8 ಸ್ಪೀಡ್ ಆದ್ದರಿಂದ ಖರ್ಚು ಕಡಿಮೆ. 8 ಸ್ಪೀಡಿನ 11-34 ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ತಗೊಳ್ಳಿ. ಆದರೆ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಳಮುಖದಲ್ಲಿ ಕೆತ್ತಿರುವ ಮಾದರಿ ಸಂಖ್ಯೆ ನೋಡಿ. ಕೊನೆಯಲ್ಲಿ 'ಎಸ್‌ಎಸ್' ಇದ್ದರೆ ಶಾರ್ಟ್ ಕೇಜ್, ಅಂದರೆ ಚೈನನ್ನು ಬಿಗಿಹಿಡಿಯುವ ತೋಳು ಗಿಡ್ಡ, 34 ಹಲ್ಲಿಗೆ ಅದನ್ನು ನಂಬಬೇಡಿ. 'ಜಿಎಸ್' ಇದ್ದರೆ ಅದಕ್ಕಿಂತ ಉದ್ದದ ಕೇಜ್, ನಡೆಯುತ್ತದೆ. ಶಾರ್ಟ್ ಕೇಜ್ ಆಗಿದ್ದರೆ ಶಿಮಾನೋದ 8 ಸ್ಪೀಡ್ ಎಂಟಿಬಿ (ಗುಡ್ಡದ ಸೈಕಲ್) ಡಿರೇಲರ್, ಅಂದರೆ ಆಲ್ಟಸ್ ಅಥವಾ ಅಸೆರಾ, ಹಾಕಿಸಿ. 8 ಸ್ಪೀಡಿನಲ್ಲಿ ರೋಡ್ ಶಿಫ್ಟರ್ ಕೇಬಲ್ ಎಳೆಯುವ ಅಳತೆಯೂ ಎಂಟಿಬಿ ಡಿರೇಲರ್ ಅಳತೆಯೂ ಒಂದೇ, ಹಾಗಾಗಿ ಒಂದು ಕ್ಲಿಕ್ಕಿಗೆ ಒಂದು ಗೇರ್ ಸರಿಯಾಗಿ ಕೂರುತ್ತದೆ. 10 ಸ್ಪೀಡಿನವರು ಇದನ್ನು ಮಾಡಲು ಹೋಗಬೇಡಿ, ಅಲ್ಲಿ ಅಳತೆ ಬೇರೆ.

ಕ್ಯಾಸೆಟ್ ದೊಡ್ಡದಾದಾಗ ಹಳೆ ಚೈನು ಗಿಡ್ಡವಾಗುತ್ತದೆ. ಹೊಸ ಚೈನನ್ನು ಡಿರೇಲರ್ ಒಳಗೆ ಹಾಯಿಸದೆ ಮುಂದೆ 50, ಹಿಂದೆ 34ರ ಮೇಲೆ ಸುತ್ತಿ, ತುದಿಗಳು ಕೂಡುವ ಜಾಗದಿಂದ ಎರಡು ಕೊಂಡಿ, ಅಂದರೆ ಒಂದು ಇಂಚು, ಹೆಚ್ಚು ಬಿಟ್ಟು ಕತ್ತರಿಸಿ. ಗಿಡ್ಡ ಬಿಟ್ಟು, ಏರಿನಲ್ಲಿ ಗಡಿಬಿಡಿಯಲ್ಲಿ ದೊಡ್ಡದು-ದೊಡ್ಡದಕ್ಕೆ ಗೇರ್ ಬಿದ್ದರೆ ಡಿರೇಲರ್ ತನ್ನನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಸಮೇತ ಕಿತ್ತುಕೊಂಡು ಬರುತ್ತದೆ. ಡಿರೇಲರ್‌ನ ಬಿ-ಸ್ಕ್ರೂ ತಿರುಗಿಸಿ ಅದರ ಮೇಲಿನ ಪುಲ್ಲಿಗೂ 34ರ ಹಲ್ಲಿಗೂ ನಡುವೆ 5–6 ಎಂಎಂ ಅಂತರ ಇಡಿ. ಅಂತರ ಕಡಿಮೆಯಾದರೆ 34ಕ್ಕೆ ಹತ್ತಿದ ಕೂಡಲೇ ಗರಗರ ಸದ್ದು ಬರುತ್ತದೆ. ಇದನ್ನೆಲ್ಲ 4ನೇ ವಾರದೊಳಗೆ ಮುಗಿಸಿ. ಹೊರಡುವ ವಾರ ಹೊಸ ಭಾಗ ಹಾಕಬಾರದು. ಹೊಸ ಕೇಬಲ್ ಮೊದಲ ಕೆಲವು ಸವಾರಿಯಲ್ಲಿ ಹಿಗ್ಗಿ ಗೇರ್ ತಪ್ಪುತ್ತದೆ.

ಬ್ರೇಕು. ಒಣ ರಸ್ತೆಯಲ್ಲಿ ಆಗುಂಬೆಗೆ ಒಳ್ಳೆಯ ರಿಮ್ ಬ್ರೇಕ್ ಸಾಕು. 14 ಹಿಮ್ಮುರಿ ತಿರುವು, ಒಂದೊಂದಕ್ಕೂ ಮುಂಚೆ ವೇಗ ಇಳಿಸಬೇಕು. ಅಪಾಯ ಬರುವುದು ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವವರಿಗೆ. ರಿಮ್ ಕಾಯುತ್ತದೆ, ಟ್ಯೂಬಿನ ಗಾಳಿ ಹಿಗ್ಗುತ್ತದೆ, ಪ್ಯಾಡ್ ಮೇಲ್ಮೈ ಸುಟ್ಟು ಗಾಜಿನಂತೆ ನುಣುಪಾಗಿ ಹಿಡಿತ ಬಿಡುತ್ತದೆ. ನೇರ ಇದ್ದ ಕಡೆ ಪೂರ್ತಿ ಬಿಡಿ, ತಿರುವಿಗೆ 20–25 ಮೀಟರ್ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಮತ್ತೆ ಬಿಡಿ. ನಡುವೆ ಒಂದು ಕಡೆ ಅಗಲ ಜಾಗ ನೋಡಿ ನಿಂತು ಎರಡು ನಿಮಿಷ ರಿಮ್ ಆರಲಿ. ಬೆರಳಿಟ್ಟು ನೋಡಬೇಡಿ, ಸುಡುತ್ತದೆ.

ಪ್ಯಾಡಿನಲ್ಲಿರುವ ಗೀರು ಗುರುತು ಸವೆದಿದ್ದರೆ ಹೊಸದು ಹಾಕಿ. ಹಳೆಯದನ್ನೇ ಇಟ್ಟುಕೊಳ್ಳುವುದಾದರೆ ಬಿಚ್ಚಿ, ಒಳಗೆ ಚುಚ್ಚಿಕೊಂಡಿರುವ ಅಲ್ಯೂಮಿನಿಯಂ ಚೂರು, ಮರಳಿನ ಕಣಗಳನ್ನು ಸೂಜಿಯಿಂದ ಕಿತ್ತು, ಮೇಲ್ಮೈಯನ್ನು 100ರ ಉಪ್ಪುಕಾಗದದಲ್ಲಿ ತಿಕ್ಕಿ. ರಿಮ್‌ನ ಬ್ರೇಕ್ ಹಿಡಿಯುವ ಭಾಗವನ್ನು ಉಗುರಿನಿಂದ ಸವರಿ ನೋಡಿ. ಮಧ್ಯ ತಗ್ಗಾಗಿದ್ದರೆ ರಿಮ್ ಸವೆದಿದೆ, ಘಾಟಿಗೆ ಒಯ್ಯಬೇಡಿ.

ಟೈರು 28 ಎಂಎಂ ಮಾಡಿ, ಫ್ರೇಮಿಗೂ ಬ್ರೇಕ್ ಕ್ಯಾಲಿಪರಿಗೂ ತಾಗದಿದ್ದರೆ. ನಿಮ್ಮ ತೂಕಕ್ಕೆ ಮುಂದೆ 75, ಹಿಂದೆ 80 ಪಿಎಸ್‌ಐ ಗಾಳಿ ಸಾಕು. 110 ತುಂಬಿಸಿಕೊಂಡು ಬರುವವರು ಬಹಳ. ಅಷ್ಟು ಬಿಗಿ ಟೈರು ಒಡ್ಡೊಡ್ಡಾದ ಡಾಂಬರಿನ ಮೇಲೆ ಪುಟಿಯುತ್ತದೆ, ತಿರುವಿನಲ್ಲಿ ಹಿಡಿತವೂ ಕಡಿಮೆ, ಮೂರನೇ ದಿನ ಅಂಗೈ ಮರಗಟ್ಟುವುದಕ್ಕೆ ಅರ್ಧ ಕಾರಣ ಅದೇ.

ಜೇಬಿನಲ್ಲಿ 2 ಟ್ಯೂಬು, ಪಂಕ್ಚರ್ ಪ್ಯಾಚು, ಟೈರ್ ಲಿವರ್, ಪಂಪು, 4-5-6 ಎಂಎಂ ಅಲೆನ್ ಕೀ, ತುಂಡಾದ ಚೈನು ಜೋಡಿಸಲು 8 ಸ್ಪೀಡಿನ ಕ್ವಿಕ್ ಲಿಂಕು, ಮತ್ತು ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್. ಕೊನೆಯದು ಮಲೆನಾಡಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದೊಂದು ಫ್ರೇಮಿಗೆ ಒಂದೊಂದು ಆಕಾರ.

ಘಟ್ಟದಡಿ_ಉಡುಪಿ

ಮೇಷ್ಟ್ರು ಹೇಳಿದ ಇಳಿಜಾರಿಗೆ ಸ್ವಲ್ಪ ಸೇರಿಸುತ್ತೇನೆ. ಆಗುಂಬೆ ರಸ್ತೆ ಕಿರಿದು. ಉಡುಪಿ ಕಡೆಯಿಂದ ಹತ್ತುವ ಮಿನಿಬಸ್ಸುಗಳು ಹಿಮ್ಮುರಿ ತಿರುವಿನಲ್ಲಿ ಇಡೀ ರಸ್ತೆ ತೆಗೆದುಕೊಂಡೇ ತಿರುಗುತ್ತವೆ, ಅವುಗಳಿಗೆ ಬೇರೆ ದಾರಿ ಇಲ್ಲ. ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಂತುಬಿಡಿ. ತಿರುವಿನೊಳಗೆ ಹೊರಗಿನ ಕಾಲು ಕೆಳಗಿರಲಿ, ತೂಕ ಅದರ ಮೇಲಿರಲಿ, ಕಣ್ಣು ತಿರುವು ಮುಗಿಯುವ ಜಾಗದ ಮೇಲಿರಲಿ. ಮುಂದಿನ ಸೈಕಲ್ಲಿಗೂ ನಿಮಗೂ 30 ಮೀಟರಾದರೂ ಅಂತರ ಬೇಕು. ಬೆಳಗ್ಗೆ 9ರವರೆಗೂ ಮರದ ನೆರಳಲ್ಲಿ ಇಬ್ಬನಿಯಿಂದ ರಸ್ತೆ ತೇವ ಇರುತ್ತದೆ. ಒದ್ದೆ ರಿಮ್ ಮೇಲೆ ಮೊದಲ ಒಂದೆರಡು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ನೀರು ಒರೆಸಿಹೋದ ಮೇಲೆ ಹಿಡಿಯುತ್ತದೆ. ಆ ಅಂದಾಜು ಇಟ್ಟುಕೊಂಡು ಇನ್ನೂ ಮುಂಚೆ ಬ್ರೇಕ್ ಮುಟ್ಟಿ.

ಚಾರ್ಮಾಡಿ ಹತ್ತುವಾಗ ಎಡ ತಿರುವಿನ ಒಳಬದಿ ತುಂಬ ಕಡಿದಾಗಿರುತ್ತದೆ. ಹಿಂದೆ ಗಾಡಿ ಇಲ್ಲದಿದ್ದರೆ ನಿಮ್ಮ ಲೇನಿನ ಹೊರಬದಿಗೆ ಸರಿದು ಹತ್ತಿ. ತಿರುವು ಬರುವ ಮುಂಚೆಯೇ ಒಂದು ಗೇರ್ ಇಳಿಸಿ. ತಿರುವಿನ ನಡುವೆ ಬಲ ಹಾಕಿ ತುಳಿಯುತ್ತ ಗೇರ್ ಬದಲಿಸಿದರೆ ಚೈನು ಬೀಳುವುದೇ ಅಲ್ಲಿ. ಮಂಜು ಕವಿದರೆ ಹಗಲಲ್ಲೂ ಹಿಂದಿನ ಕೆಂಪು ದೀಪ ಹಚ್ಚಿ. ಕೋತಿಗಳಿವೆ, ಬಾಳೆಹಣ್ಣು ಜೆರ್ಸಿಯ ಬೆನ್ನಜೇಬಿನಿಂದ ಇಣುಕುತ್ತಿದ್ದರೆ ನಿಂತಾಗ ಕಿತ್ತುಕೊಳ್ಳುತ್ತವೆ.

ಈಗ ನೀರು. ದಾವಣಗೆರೆಯ ಒಣ ಬಿಸಿಲಿಗೂ ನಮ್ಮ ಕರಾವಳಿಯ ಸೆಕೆಗೂ ವ್ಯತ್ಯಾಸ ಇದೆ. ಅಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಇಲ್ಲಿ ಬೆವರು ಆರದೆ ಸುಮ್ಮನೆ ಸುರಿಯುತ್ತದೆ, ಮೈ ಬಿಸಿ ಇಳಿಯುವುದಿಲ್ಲ. ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಗಾಳಿಯೂ ತಾಗುವುದಿಲ್ಲ. ಹಾಗಾಗಿ 1ನೇ ದಿನ ಬೆಳಗ್ಗೆ 6ಕ್ಕೆ ಹೊರಟು 11ರೊಳಗೆ ಉಜಿರೆ ಸೇರುವ ಹಾಗೆ ನೋಡಿಕೊಳ್ಳಿ. ನಿಮ್ಮ ಬೆವರು ಎಷ್ಟು ಅಂತ ಈಗಲೇ ಅಳೆಯಿರಿ. ಒಂದು ಗಂಟೆಯ ಸವಾರಿಗೆ ಮುಂಚೆ, ಆಮೇಲೆ ಬಟ್ಟೆ ತೆಗೆದು ತೂಕ ನೋಡಿ. ಅರ್ಧ ಕೆ.ಜಿ. ಇಳಿದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ನಿಮ್ಮ ಬೆವರು ಗಂಟೆಗೆ ಒಂದು ಲೀಟರ್. ಕಳೆದುಕೊಂಡಷ್ಟನ್ನೂ ಕುಡಿಯಲು ಹೋಗಬೇಡಿ, ಮುಕ್ಕಾಲು ಭಾಗ ಸಾಕು. ಸವಾರಿ ಮುಗಿದಾಗ ತೂಕ ಹೆಚ್ಚಾಗಿದ್ದರೆ ಅದು ಅಪಾಯ. ಬರೀ ನೀರು ಕುಡಿದು ಕುಡಿದು ರಕ್ತದಲ್ಲಿ ಸೋಡಿಯಂ ಇಳಿದರೆ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಕೊಡುತ್ತಾರೆ, ಅದು ಇನ್ನೂ ಕೆಟ್ಟದ್ದು.

ಒಂದು ಲೀಟರ್ ನೀರಿಗೆ 40 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆ. ಕಾಲು ಚಮಚ ಉಪ್ಪಿನಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಬಟ್ಟೆ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವವರು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬೇಡ. ಎಳನೀರು ದಾರಿಯುದ್ದಕ್ಕೂ ಸಿಗುತ್ತದೆ, ಕುಡಿಯಿರಿ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿನ ಜೊತೆ ಉಪ್ಪು ಸೇರಿದ ತಿಂಡಿ ಏನಾದರೂ ಇರಲಿ.

ತಿನ್ನುವುದು ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ. ಎರಡು ಏಲಕ್ಕಿ ಬಾಳೆಹಣ್ಣಿಗೆ 25–30 ಗ್ರಾಂ, ಮೇಲಿನ ನಿಂಬೆನೀರು ಮುಕ್ಕಾಲು ಲೀಟರಿಗೆ 30 ಗ್ರಾಂ, ಲೆಕ್ಕ ಮುಗಿಯಿತು. ಬಾಳೆ ಬೇಜಾರಾದರೆ 4 ಖರ್ಜೂರ, 20–25 ಗ್ರಾಂ ಸಿಗುತ್ತದೆ. ಹೊರಟ 30ನೇ ನಿಮಿಷಕ್ಕೇ ಶುರು ಮಾಡಿ, 20 ನಿಮಿಷಕ್ಕೊಂದು ತುತ್ತು. ಹಸಿವಾದ ಮೇಲೆ ತಿಂದರೆ ಆ ಏರಿಗೆ ಅದು ಒದಗುವುದಿಲ್ಲ. ಬೆಳಗ್ಗೆ ಇಡ್ಲಿ, ನೀರುದೋಸೆ, ಅವಲಕ್ಕಿ ಒಳ್ಳೆಯದು, ಹೊರಡುವುದಕ್ಕೆ ಎರಡು ಗಂಟೆ ಮುಂಚೆ. ಮಂಗಳೂರು ಬನ್ಸ್, ಗೋಳಿಬಜೆ ಎಷ್ಟು ಕರೆದರೂ ಸಂಜೆಗೆ ಇಟ್ಟುಕೊಳ್ಳಿ, ಎಣ್ಣೆ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಸವಾರಿ ಮುಗಿದ ಒಂದು ಗಂಟೆಯೊಳಗೆ ಅನ್ನ, ಸಾರು, ಮೊಸರು ಹೊಟ್ಟೆಗೆ ಬೀಳಬೇಕು. ಮಾರನೇ ದಿನದ ಕಾಲು ತಯಾರಾಗುವುದು ಆ ಊಟದಲ್ಲಿ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತಗೊಳ್ಳಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆ ಮಂಗನಕಾಯಿಲೆಯ ಕಾಲ. ಅದು ಉಣ್ಣೆ ಹುಳುವಿನ (ಉಣುಗು) ಕಡಿತದಿಂದ ಹರಡುತ್ತದೆ. ಸುಧಾರಿಸಿಕೊಳ್ಳಲು ಕಾಡಿನ ಅಂಚಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಬಸ್ ಸ್ಟಾಪಿನ ಕಟ್ಟೆ ಸಾಕು. ಸತ್ತ ಕೋತಿ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಸಂಜೆ ಬಿಸಿನೀರಿನ ಸ್ನಾನ ಮಾಡುವಾಗ ಕಾಲು, ಸೊಂಟ, ಕಂಕುಳು ನೋಡಿಕೊಳ್ಳಿ. ಹಿಂದಿರುಗಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದನ್ನು ಹೇಳಿ.

ಬಯಲುಸೀಮೆ_ಪೆಡಲ್

ಚಾಮುಂಡಿ ಸರ್, ಮೇಷ್ಟ್ರೇ, ಮೇಡಂ, ಮೂವರಿಗೂ ತುಂಬಾ ಧನ್ಯವಾದ. ಡಿರೇಲರ್ ನೋಡಿದೆ, ಎಸ್‌ಎಸ್ ಅಂತಲೇ ಇದೆ, ಆಲ್ಟಸ್‌ಗೆ ಹೇಳುತ್ತೇನೆ. ಎರಡು ಸಂಶಯ. ಭಾರ ಗೇರಲ್ಲಿ ನಿಧಾನ ತುಳಿದರೆ ಮಂಡಿಯ ಮುಂಭಾಗ, ಚಿಪ್ಪಿನ ಕೆಳಗೆ ಚುಳುಕು ಬರುತ್ತದೆ. ಅಭ್ಯಾಸ ಮುಂದುವರಿಸಬಹುದೇ? ಮತ್ತೆ ದೇಣಿಗೆ ಕೇಳುವಾಗ ರಸೀದಿ ವಿಚಾರ ಜನ ಕೇಳುತ್ತಾರೆ, ಏನು ಹೇಳಲಿ?

ಮೂಳೆ_ಮಂಡಿ_ಫಿಸಿಯೋ

ಮುಂದುವರಿಸಬೇಡಿ, ಮೊದಲು ಸೀಟು ನೋಡಿ. ಮಂಡಿಯ ಮುಂದೆ ನೋವು ಬಂದರೆ ಬಹುಪಾಲು ಸೀಟು ತಗ್ಗಾಗಿರುತ್ತದೆ ಅಥವಾ ತೀರಾ ಮುಂದಕ್ಕಿರುತ್ತದೆ. ಹಿಂಭಾಗದಲ್ಲಿ ಬಂದರೆ ಎತ್ತರವಾಗಿರುತ್ತದೆ. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು, ಬರೀ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ಒಯ್ಯಿರಿ. ಸೊಂಟ ವಾಲದೆ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಪಾದದ ಉಬ್ಬುಭಾಗ ಪೆಡಲ್ ಮೇಲಿಟ್ಟರೆ ಮಂಡಿ 25ರಿಂದ 35 ಡಿಗ್ರಿ ಬಾಗಿರುತ್ತದೆ. ಬದಲಾವಣೆ ಒಂದು ಸಲಕ್ಕೆ 3–5 ಎಂಎಂ ಮಾತ್ರ. ಎರಡು-ಮೂರು ಸವಾರಿ ನೋಡಿ ಮತ್ತೆ. ಸೀಟು ಕಂಬಕ್ಕೆ ಟೇಪಿನ ಗುರುತು ಹಾಕಿ, ಬಸ್ಸಿನಲ್ಲಿ ಸೈಕಲ್ ಒಯ್ಯಲು ಬಿಚ್ಚಿದರೆ ಅದೇ ಎತ್ತರಕ್ಕೆ ಕೂರಿಸಲು ಬೇಕಾಗುತ್ತದೆ.

ಚಾಮುಂಡಿ ಅವರ ಬಲ ತುಳಿತದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. 40 ದಾಟಿದವರಿಗೆ, ಅದೂ ಈಗಾಗಲೇ ಚುಳುಕು ಇದ್ದವರಿಗೆ, ಮೊದಲ 4 ವಾರ 55 ಸುತ್ತು ಬೇಡ. 70–75ಕ್ಕೆ ನಿಲ್ಲಿಸಿ. ಆ ಬಲವನ್ನು ಸೈಕಲ್ ಹೊರಗೆ ಗಳಿಸಿ. ವಾರಕ್ಕೆ ಎರಡು ಸಲ 20 ನಿಮಿಷ: ಮೆಟ್ಟಿಲ ಮೇಲಿಂದ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯುವುದು ಒಂದೊಂದು ಕಾಲಿಗೆ 10ರಂತೆ 3 ಸಲ, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು 15ರಂತೆ 3 ಸಲ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವುದು) 30–40 ಸೆಕೆಂಡು 3 ಸಲ. ಪ್ಲ್ಯಾಂಕ್ ಯಾಕೆಂದರೆ ಉದ್ದ ಏರಿನಲ್ಲಿ ಕಾಲಿಗಿಂತ ಮೊದಲು ಸೊಂಟ ಸೋಲುತ್ತದೆ. ನೋವು ಸವಾರಿ ಮುಗಿದ ಮಾರನೇ ದಿನವೂ ಉಳಿದರೆ ಅಥವಾ ಮಂಡಿ ಊದಿಕೊಂಡರೆ ನೇರವಾಗಿ ತೋರಿಸಿ, ನೋವಿನ ಮಾತ್ರೆ ನುಂಗಿ ಓಡಿಸಬೇಡಿ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್‌ನಂಥ ಮಾತ್ರೆ ಕಿಡ್ನಿಗೆ ಹೊರೆ.

ಕೂರುವ ಜಾಗದ ಗಾಯವೂ ನಾಲ್ಕು ದಿನದ ಯಾತ್ರೆಯಲ್ಲಿ ಬಹಳ ಜನರನ್ನು ಇಳಿಸುತ್ತದೆ. ಪ್ಯಾಡ್ ಇರುವ ಚಡ್ಡಿ 3 ಇರಲಿ, ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಉಜ್ಜುವುದು. ಬೆಳಗ್ಗೆ ಪೆಟ್ರೋಲಿಯಂ ಜೆಲ್ಲಿ ಅಥವಾ ಉಜ್ಜುವುದನ್ನು ತಡೆಯಲು ಸೈಕಲ್ ಸವಾರರು ಹಚ್ಚುವ ಷಾಮಿ ಕ್ರೀಮ್ ಹಚ್ಚಿ. ತಲುಪಿದ ಕೂಡಲೇ ಚಡ್ಡಿ ಬಿಚ್ಚಿ ತೊಳೆದುಕೊಳ್ಳಿ, ಚಹಾ ಆಮೇಲೆ. ಮಲೆನಾಡಿನಲ್ಲಿ ರಾತ್ರಿ ಒಗೆದದ್ದು ಬೆಳಗ್ಗೆಗೆ ಒಣಗುವುದಿಲ್ಲ, ಅದಕ್ಕೇ 3 ಬೇಕು ಅಂದದ್ದು.

ಚಾಮುಂಡಿ_1008

ಫಿಸಿಯೋ ಹೇಳಿದ್ದೇ ಸರಿ, ಚುಳುಕು ಇದೆ ಅಂತ ಮೊದಲು ಗೊತ್ತಿರಲಿಲ್ಲ. ಗುರುವಾರದ 6 ನಿಮಿಷಗಳನ್ನು 70–75 ಸುತ್ತಿಗೆ ಮಾಡಿ. 5ನೇ ವಾರದಿಂದ ನೋವಿಲ್ಲದಿದ್ದರೆ ಮಾತ್ರ 65ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. 34 ಹಲ್ಲು ಹಾಕಿಸಿದ ಮೇಲೆ ಅದರ ಅಗತ್ಯವೂ ಕಡಿಮೆ.

ಚಾರ್ಮಾಡಿಯಲ್ಲಿ ಎಷ್ಟು ಗಟ್ಟಿ ತುಳಿಯಬೇಕು ಎಂಬುದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. 7ನೇ ವಾರದಲ್ಲಿ ಒಂದು ದಿನ ಎದುರುಗಾಳಿಗೆ 30 ನಿಮಿಷ ಕೈಲಾದಷ್ಟು ಗಟ್ಟಿಯಾಗಿ, ಒಂದೇ ಹದದಲ್ಲಿ ಓಡಿಸಿ. ಕೊನೆಯ 20 ನಿಮಿಷದ ಸರಾಸರಿ ಹೃದಯಬಡಿತ ಬರೆದಿಡಿ. 160 ಬಂತು ಅಂದುಕೊಳ್ಳಿ. 2ನೇ ದಿನ ಘಾಟಿಯಲ್ಲಿ 136–140 ದಾಟಬೇಡಿ. ಮೊದಲ 3 ಕಿ.ಮೀ.ನಲ್ಲಿ ಎಲ್ಲರೂ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ. ಸೆಕೆಗೆ ಅದೇ ಶ್ರಮಕ್ಕೆ ಬಡಿತ ಐದಾರು ಹೆಚ್ಚೇ ತೋರಿಸುತ್ತದೆ, ಆಗಲೂ ಮಿತಿ ಏರಿಸಬೇಡಿ, ಗೇರ್ ಇಳಿಸಿ.

ಲೆಕ್ಕದ_ಪುಸ್ತಕ

ರಸೀದಿ ವಿಚಾರ. ಹಣ ನಿಮ್ಮ ಖಾತೆಗೆ ಹಾಕಿಸಿಕೊಂಡು ಆಮೇಲೆ ಒಟ್ಟಿಗೆ ಕಟ್ಟುತ್ತೇನೆ ಅಂತ ಮಾಡಬೇಡಿ. ಹಾಗೆ ಮಾಡಿದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ಏನೂ ಸಿಗುವುದಿಲ್ಲ. ಟ್ರಸ್ಟಿನ ಖಾತೆಗೇ ನೇರವಾಗಿ ಹಾಕಿಸಿ, ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ನಂಬರ್ ಟ್ರಸ್ಟಿಗೆ ತಲುಪಿಸಿ. ಟ್ರಸ್ಟಿಗೆ ತೆರಿಗೆ ರಿಯಾಯಿತಿಯ ಮಾನ್ಯತೆ ಇದೆಯೇ, ಅವಧಿ ಮುಗಿದಿಲ್ಲವೇ ಅಂತ ಪತ್ರ ಕೇಳಿ ನೋಡಿಕೊಳ್ಳಿ. ನಗದು 2000 ರೂಪಾಯಿ ಮೀರಿದರೆ ರಿಯಾಯಿತಿ ಇಲ್ಲ, ಹಾಗಾಗಿ ಯುಪಿಐ ಅಥವಾ ಚೆಕ್ಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿ ಸಿಗುವುದಿಲ್ಲ, ಮೊದಲೇ ಹೇಳಿಬಿಡಿ. ಕೇಳುವಾಗ 'ಏನಾದರೂ ಕೊಡಿ' ಅನ್ನುವುದಕ್ಕಿಂತ 'ಕಿಲೋಮೀಟರಿಗೆ 5 ರೂಪಾಯಿ, 325 ಕಿ.ಮೀ.ಗೆ 1625' ಅಂದರೆ ಜನ ಬೇಗ ಒಪ್ಪುತ್ತಾರೆ.

ಸ್ಪ್ಯಾನರ್_ಮೇಷ್ಟ್ರು

ಆಲ್ಟಸ್ ಹಾಕಿಸುವಾಗ ಹಿಂದಿನ ಕೇಬಲ್, ಕೊನೆಯ ತುಂಡು ಹೌಸಿಂಗ್ (ಕೇಬಲ್‌ನ ಹೊರಕವಚ) ಎರಡನ್ನೂ ಹೊಸದು ಹಾಕಿಸಿ. ಎಂಟಿಬಿ ಡಿರೇಲರಿಗೆ ಆ ಸುರುಳಿ ತುಂಡು ಸ್ವಲ್ಪ ಉದ್ದ ಬೇಕು, ಗಿಡ್ಡವಾದರೆ 34ಕ್ಕೆ ಹತ್ತುವಾಗ ತಡವರಿಸುತ್ತದೆ. ಚೈನು ಕಡ್ಡಿಗಳ ಕಡೆಗೆ ಮೀರಿ ಹೋಗದಂತೆ ತಡೆಯುವ ಎಲ್ ಸ್ಕ್ರೂ ಸರಿ ಮಾಡಿದ ಮೇಲೆ ಸೈಕಲ್ ಸ್ಟ್ಯಾಂಡ್ ಮೇಲೆ ನೋಡಿ ಬಿಡಬೇಡಿ. ಮೇಲ್ಸೇತುವೆ ಏರುತ್ತ ಭಾರ ಹಾಕಿ 34ಕ್ಕೆ ಹತ್ತು ಸಲ ಹತ್ತಿಸಿ ಇಳಿಸಿ. ಸ್ಟ್ಯಾಂಡ್ ಮೇಲೆ ಸರಿಯಿದ್ದ ಚೈನು ಭಾರ ಬಿದ್ದಾಗ ಕಡ್ಡಿಗಳೊಳಗೆ ಬೀಳುವುದುಂಟು, ಅದು ನಿಮ್ಮೂರಲ್ಲೇ ಗೊತ್ತಾಗಲಿ. ಹೊರಡುವ ಹಿಂದಿನ ದಿನ ಚೈನು ಒರೆಸಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹೊರಗಿನದ್ದು ಒರೆಸಿ. 2ನೇ ದಿನ ರಾತ್ರಿ ಚಿಕ್ಕಮಗಳೂರಿನಲ್ಲಿ ಇನ್ನೊಮ್ಮೆ, ಜೊತೆಗೆ ಬ್ರೇಕ್ ಪ್ಯಾಡ್ ಸಹ ನೋಡಿ. ಆಗುಂಬೆಗೆ ಅದು ಬೇಕು.